ಪ್ರಬಂಧದ ಕೃತಜ್ಞತೆ ಪುಟದಲ್ಲಿ ಮನೆಯವರ ಬಗ್ಗೆ ಏನು ಬರೆಯಬೇಕು?

ಪ್ರಶ್ನೆ: ನನ್ನ ಪಿಎಚ್‌ಡಿ ಪ್ರಬಂಧ ಮುಗಿದಿದೆ, ಸಲ್ಲಿಸಲು ಕೆಲವೇ ದಿನ ಬಾಕಿ. ಕೃತಜ್ಞತೆ ಪುಟದಲ್ಲಿ ಗೈಡ್, ಸಮಿತಿಯವರು, ಲ್ಯಾಬಿನ ಗೆಳೆಯರು ಎಲ್ಲರ ಬಗ್ಗೆ ಸಲೀಸಾಗಿ ಬರೆದೆ. ಮನೆಯವರ ಹತ್ತಿರ ಬಂದಾಗ ಕೈ ನಿಂತುಹೋಯಿತು. ಅಮ್ಮ ಹೆಚ್ಚು ಓದಿದವರಲ್ಲ, ಆದರೆ ನಾನು ಓದು ಬಿಡಬಾರದು ಅಂತ ಹಟ ಹಿಡಿದವರು. ಅಪ್ಪನಿಗೆ ಮೊದಲು ಇದು ಇಷ್ಟವಿರಲಿಲ್ಲ, ಆಮೇಲೆ ಸುಮ್ಮನಾದರು. ಗಂಡ ಮಗಳನ್ನು ನೋಡಿಕೊಂಡರು, ಕೊನೆಗೆ ಇಡೀ ಪ್ರಬಂಧದ ಪ್ರೂಫ್ ಕೂಡ ನೋಡಿದರು. ಅಜ್ಜಿ ನಡುವೆ ತೀರಿಕೊಂಡರು. ಸದ್ಯಕ್ಕೆ ಬರೆದಿರುವುದು ಇಷ್ಟು: ‘ನನ್ನ ಪ್ರೀತಿಯ ತಂದೆ ತಾಯಿಯ ತ್ಯಾಗ ಮತ್ತು ಆಶೀರ್ವಾದಕ್ಕೆ, ನನ್ನ ಪತಿಯ ನಿರಂತರ ಪ್ರೋತ್ಸಾಹಕ್ಕೆ ಹಾಗೂ ಕುಟುಂಬದ ಎಲ್ಲ ಸದಸ್ಯರಿಗೆ ನಾನು ಚಿರಋಣಿ.’ ಓದಿದರೆ ಯಾರದೋ ಮನೆಯ ಬಗ್ಗೆ ಬರೆದ ಹಾಗಿದೆ. ಜಾಸ್ತಿ ಬರೆದರೆ ನಾಟಕದ ಹಾಗೆ ಕಾಣುತ್ತದೇನೋ ಅನ್ನುವ ಭಯ. ಯಾವ ಪದಗಳನ್ನು ಆರಿಸಲಿ?

ಉತ್ತರ: ನೀವು ಪದ ಹುಡುಕುತ್ತಾ ಕೂತಿದ್ದೀರಿ, ಅದಕ್ಕೇ ಕೈ ನಿಂತಿದೆ. ಗೈಡ್ ಬಗ್ಗೆ ಬರೆಯುವಾಗ ನೀವು ಪದ ಹುಡುಕಿರಲಿಕ್ಕಿಲ್ಲ. ಅವರು ಏನು ಮಾಡಿದರು ಅಂತ ನಿಮಗೆ ಗೊತ್ತಿತ್ತು, ಅದನ್ನು ಬರೆದಿರಿ. ಅಧ್ಯಾಯ ತಿದ್ದಿಕೊಟ್ಟರು, ವಿಧಾನದಲ್ಲಿ ತಪ್ಪು ತೋರಿಸಿದರು, ಯಾರಿಗೋ ಪತ್ರ ಬರೆದು ಮಾಹಿತಿ ಸಿಗುವ ಹಾಗೆ ಮಾಡಿದರು. ಕೆಲಸ ಕಣ್ಣಮುಂದೆ ಇತ್ತು, ಮಾತು ತಾನಾಗಿ ಬಂತು. ಮನೆಯವರ ವಿಷಯಕ್ಕೆ ಬಂದಾಗ ಮಾತ್ರ ನಾವು ಅವರು ಮಾಡಿದ ಕೆಲಸ ಬಿಟ್ಟು ಅವರ ಗುಣ ಹೊಗಳಲು ಶುರು ಮಾಡುತ್ತೇವೆ. ಪ್ರೀತಿ, ತ್ಯಾಗ, ತಾಳ್ಮೆ, ಪ್ರೋತ್ಸಾಹ, ಆಶೀರ್ವಾದ. ಎಲ್ಲ ನಿಜವೇ. ಆದರೆ ಅದು ಬಹಳ ಮನೆಗಳಲ್ಲಿ ನಿಜ. ಹಾಗಾಗಿ ನಿಮ್ಮ ಮನೆ ಅದರಲ್ಲಿ ಕಾಣಿಸುವುದಿಲ್ಲ.

ಆದ್ದರಿಂದ ಮೊದಲು ಪದಗಳನ್ನು ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಂಡು ಒಬ್ಬೊಬ್ಬರ ಹೆಸರಿನ ಮುಂದೆ ಒಂದೇ ಒಂದು ವಿಷಯ ಬರೆಯಿರಿ: ಇವರು ಏನು ಮಾಡದೆ ಇದ್ದಿದ್ದರೆ ಈ ಪ್ರಬಂಧ ಮುಗಿಯುತ್ತಿರಲಿಲ್ಲ, ಅಥವಾ ಇನ್ನಷ್ಟು ತಡವಾಗುತ್ತಿತ್ತು? ದೊಡ್ಡ ಘಟನೆಯೇ ಆಗಬೇಕಿಲ್ಲ. ಅರ್ಜಿ ಹಾಕುವ ಕೊನೆಯ ದಿನ ನೆನಪಿಸಿದ್ದು, ಶುಲ್ಕ ಕಟ್ಟಿದ್ದು, ಬೆಳಗಿನ ಹೊತ್ತು ಮಗುವನ್ನು ಹೊರಗೆ ಕರೆದುಕೊಂಡು ಹೋಗಿದ್ದು, ‘ಯಾವಾಗ ಮುಗಿಯುತ್ತೆ’ ಅಂತ ಒಮ್ಮೆಯೂ ಕೇಳದೆ ಇದ್ದದ್ದು. ಕೊನೆಯದನ್ನು ಸಣ್ಣದು ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಪಿಎಚ್‌ಡಿ ಮಾಡಿದ ಯಾರನ್ನು ಬೇಕಾದರೂ ಕೇಳಿ, ಆ ಪ್ರಶ್ನೆ ಕೇಳದೆ ಇರುವವರು ಮನೆಯಲ್ಲಿ ಒಬ್ಬರಿದ್ದರೂ ಎಷ್ಟು ಹಗುರ ಅನ್ನಿಸುತ್ತದೆ ಅಂತ ಹೇಳುತ್ತಾರೆ.

ಆ ಹಾಳೆ ತುಂಬಿದ ಮೇಲೆ ಪದಗಳ ಕಷ್ಟ ಮುಕ್ಕಾಲು ಪಾಲು ಕಳೆಯುತ್ತದೆ. ನಿಮ್ಮ ಅಮ್ಮನ ಬಗ್ಗೆ ನನಗೆ ಗೊತ್ತಿರುವುದು ನೀವು ಬರೆದ ಒಂದು ಸಾಲು ಮಾತ್ರ, ಆದರೂ ಸುಮ್ನೆ ಊಹಿಸಿ ಒಂದು ವಾಕ್ಯ ಬರೆಯುತ್ತೇನೆ: ‘ಇಷ್ಟು ಓದಿದ್ದು ಸಾಕು ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದಾಗ, ಅರ್ಜಿ ಹಾಕುವ ಕೊನೆಯ ದಿನವನ್ನು ನೆನಪಿಟ್ಟುಕೊಂಡು ಫೋನ್ ಮಾಡಿದವರು ಅಮ್ಮ.’ ಇದರಲ್ಲಿ ತ್ಯಾಗ ಅನ್ನುವ ಪದ ಇಲ್ಲ, ಪ್ರೀತಿ ಅನ್ನುವ ಪದವೂ ಇಲ್ಲ. ಧನ್ಯವಾದ ಅಂತಲೂ ಹೇಳಿಲ್ಲ. ಆದರೂ ಓದಿದವರಿಗೆ ಅಮ್ಮ ಎಂಥವರು ಅಂತ ಗೊತ್ತಾಗುತ್ತದೆ. ಅಮ್ಮ ಸ್ವತಃ ಓದಿದರೆ, ಅಥವಾ ಯಾರಾದರೂ ಓದಿ ಹೇಳಿದರೆ, ‘ಹೌದು, ನಾನೇ ಫೋನ್ ಮಾಡಿದ್ದೆ’ ಅನ್ನುತ್ತಾರೆ. ನನ್ನ ಪ್ರಕಾರ ಪರೀಕ್ಷೆ ಇದೇ. ಆ ವಾಕ್ಯದಲ್ಲಿ ಅವರಿಗೆ ತಾವು ಕಾಣಿಸಬೇಕು. ಇನ್ನೊಂದು ಪರೀಕ್ಷೆಯೂ ಇದೆ: ನಿಮ್ಮ ಗೆಳತಿ ಆ ವಾಕ್ಯವನ್ನು ಹಾಗೇ ಎತ್ತಿ ತನ್ನ ಪ್ರಬಂಧದಲ್ಲಿ ಇಟ್ಟುಕೊಂಡರೆ ನಡೆಯುತ್ತದಾ? ನಡೆಯುತ್ತದೆ ಅಂತಾದರೆ ಇನ್ನೂ ಕೆಲಸ ಬಾಕಿ ಇದೆ.

ಗಮನಿಸಿ ನೋಡಿ, ಆ ವಾಕ್ಯ ‘ಮಾಡಿದವರು ಅಮ್ಮ’ ಅಂತ ಮುಗಿಯುತ್ತದೆ. ಕನ್ನಡದಲ್ಲಿ ಈ ರಚನೆ ತುಂಬ ಉಪಯೋಗಕ್ಕೆ ಬರುತ್ತದೆ. ನಾವು ಮನೆಯೊಳಗೆ ಒಬ್ಬರಿಗೊಬ್ಬರು ಅಷ್ಟಾಗಿ ಧನ್ಯವಾದ ಹೇಳಿಕೊಳ್ಳುವವರಲ್ಲ. ಅಮ್ಮನಿಗೆ ‘ಧನ್ಯವಾದಗಳನ್ನು ಅರ್ಪಿಸುತ್ತೇನೆ’ ಅಂತ ಬರೆದ ಕೂಡಲೇ ಸಮಾರಂಭದ ವಂದನಾರ್ಪಣೆ ಶುರುವಾದ ಹಾಗೆ ಕೇಳಿಸುತ್ತದೆ, ಅಲ್ವಾ? ನಿಮಗೆ ನಾಟಕ ಅನ್ನಿಸಿದ್ದಕ್ಕೂ ಇದೇ ಕಾರಣ ಇರಬಹುದು. ‘ಇದನ್ನು ಮಾಡಿದವರು ಇವರು’ ಅಂತ ಬರೆದರೆ ಧನ್ಯವಾದ ಅದರೊಳಗೇ ಸೇರಿರುತ್ತದೆ, ಬೇರೆ ಕ್ರಿಯಾಪದ ಬೇಕಾಗುವುದಿಲ್ಲ. ಬೇಕು ಅನ್ನಿಸಿದರೆ ‘ನೆನೆಯುತ್ತೇನೆ’, ‘ಮರೆಯಲಾರೆ’, ‘ಋಣಿ’ ಇವು ಮನೆಯವರಿಗೆ ಹೊಂದುತ್ತವೆ. ‘ಕೃತಜ್ಞತೆ ಸಲ್ಲಿಸುತ್ತೇನೆ’, ‘ಆಭಾರಿಯಾಗಿದ್ದೇನೆ’ ಇವನ್ನು ಇಲಾಖೆ, ಗ್ರಂಥಾಲಯ, ಫೆಲೋಶಿಪ್ ಕೊಟ್ಟ ಸಂಸ್ಥೆಗಳಿಗೆ ಇಟ್ಟುಕೊಳ್ಳಿ. ಅಲ್ಲಿ ಅವು ಸರಿಯಾಗಿಯೇ ಕೇಳಿಸುತ್ತವೆ. ‘ಚಿರಋಣಿ’ ಬರೆಯಲೇಬಾರದು ಅಂತಲ್ಲ. ಒಬ್ಬರಿಗೆ, ಒಂದು ಕಡೆ, ಅವರು ಮಾಡಿದ್ದನ್ನು ಹೇಳಿದ ಮೇಲೆ ಬರೆಯಿರಿ. ಒಂದೇ ವಾಕ್ಯದಲ್ಲಿ ಮನೆಮಂದಿಗೆಲ್ಲ ಹಂಚಿದರೆ ಯಾರ ಪಾಲಿಗೂ ಏನೂ ಬರುವುದಿಲ್ಲ.

‘ಬೆನ್ನೆಲುಬು’, ‘ದಾರಿದೀಪ’, ‘ಸ್ಫೂರ್ತಿಯ ಸೆಲೆ’, ‘ಹೇಳಲು ಪದಗಳೇ ಸಾಲವು’ ಇವನ್ನು ಧೈರ್ಯವಾಗಿ ಬಿಟ್ಟುಬಿಡಿ. ಇವುಗಳ ಜಾಗದಲ್ಲಿ ಏನು ಹಾಕಲಿ ಅಂತ ಕೇಳಬೇಡಿ, ಆ ಜಾಗವೇ ಬೇಡ.

‘ತ್ಯಾಗ’ದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಾನು ನೋಡಿದ ಬಹಳಷ್ಟು ಪ್ರಬಂಧಗಳಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿ ಈ ಪದ ಇರುತ್ತದೆ. ಅದು ನಿಜವಾದಾಗ ಅದಕ್ಕಿಂತ ಒಳ್ಳೆಯ ಪದ ಇಲ್ಲ. ಆದರೆ ಏನನ್ನು ಬಿಟ್ಟರು ಅಂತ ಹೇಳದೆ ತ್ಯಾಗ ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ, ಹೇಳಿದರೆ ಆ ಪದದ ಅಗತ್ಯವೇ ಬೀಳುವುದಿಲ್ಲ. ‘ನನ್ನ ಶುಲ್ಕಕ್ಕಾಗಿ ಅಪ್ಪ ತಮ್ಮ ನಿವೃತ್ತಿಯನ್ನು ಮುಂದಕ್ಕೆ ಹಾಕಿದರು’ ಅಂತ ಬರೆದರೆ ಸಾಕಲ್ಲ. ಇಂಥದ್ದನ್ನು ಬರೆಯುವ ಮೊದಲು ಅವರನ್ನು ಒಮ್ಮೆ ಕೇಳಿ. ಕೆಲವರು ಮನೆಯ ಹಣದ ಕಷ್ಟ ಅಚ್ಚಾಗುವುದನ್ನು ಇಷ್ಟಪಡುವುದಿಲ್ಲ, ಅದು ಅವರ ಹಕ್ಕು. ಈಗ ಎಷ್ಟೋ ವಿಶ್ವವಿದ್ಯಾಲಯಗಳು ಪ್ರಬಂಧಗಳನ್ನು ಆನ್‌ಲೈನ್ ಭಂಡಾರದಲ್ಲಿ ಇಡುತ್ತವೆ. ಕಪಾಟಿನಲ್ಲಿ ಉಳಿಯುತ್ತಿದ್ದ ಪುಟವನ್ನು ಈಗ ಯಾರು ಬೇಕಾದರೂ ಹುಡುಕಿ ತೆಗೆಯಬಹುದು. ಕಾಯಿಲೆ, ಸಾಲ, ಮನೆಯ ಜಗಳ, ಮುರಿದ ಮದುವೆ ಇವೆಲ್ಲ ಬೇರೆಯವರ ಬದುಕಿಗೂ ಸೇರಿದ ಸಂಗತಿ. ಸಂಬಂಧಪಟ್ಟವರು ಸರಿ ಅಂದ ಮೇಲೆ ಮಾತ್ರ ಬರೆಯಬೇಕು.

ಈಗ ನಿಮ್ಮ ಗಂಡನ ವಿಷಯ. ನೀವು ಒಂದೇ ಉಸಿರಿನಲ್ಲಿ ಎರಡು ಬೇರೆ ಕೆಲಸ ಹೇಳಿದ್ದೀರಿ: ಮಗಳನ್ನು ನೋಡಿಕೊಂಡರು, ಪ್ರೂಫ್ ನೋಡಿದರು. ಇವೆರಡೂ ಪುಟದಲ್ಲಿ ಒಂದೇ ಜಾಗಕ್ಕೆ ಸೇರಿದವಲ್ಲ. ಪ್ರೂಫ್ ನೋಡುವುದು ಪ್ರಬಂಧದ ಕೆಲಸ. ಅದಕ್ಕಾಗಿ ಬೇರೆ ಯಾರನ್ನಾದರೂ ಇಟ್ಟುಕೊಂಡಿದ್ದರೆ ಅವರ ಹೆಸರನ್ನು ಮೇಲೆ, ಲ್ಯಾಬಿನವರ ಜೊತೆ ಬರೆಯುತ್ತಿದ್ದಿರಿ, ಹೌದೋ ಇಲ್ಲವೋ? ಹಾಗಾದರೆ ಗಂಡನ ಹೆಸರೂ ಅಲ್ಲೇ ಬರಬೇಕು: ‘ಇಡೀ ಪ್ರಬಂಧದ ಕರಡನ್ನು ಓದಿ ತಪ್ಪುಗಳನ್ನು ತಿದ್ದಿದವರು’ ಅಂತ, ಪೂರ್ತಿ ಹೆಸರಿನ ಜೊತೆ. ‘ನಿರಂತರ ಪ್ರೋತ್ಸಾಹ’ ಅಂತ ಅದನ್ನು ಕರೆದರೆ ಅವರು ಮಾಡಿದ ದುಡಿಮೆ ಮುಚ್ಚಿಹೋಗುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2017ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬ್ರೂಸ್ ಹೋಲ್ಸಿಂಗರ್ ಹಳೆಯ ವಿದ್ವತ್ ಪುಸ್ತಕಗಳ ಕೃತಜ್ಞತೆ ಸಾಲುಗಳನ್ನು ಟ್ವಿಟರ್‌ನಲ್ಲಿ ಹಾಕತೊಡಗಿದರು. ‘ಥ್ಯಾಂಕ್ಸ್ ಫಾರ್ ಟೈಪಿಂಗ್’ ಅನ್ನುವ ಹ್ಯಾಶ್‌ಟ್ಯಾಗ್ ಅದು. ಸಾಲು ಸಾಲಾಗಿ ಅದೇ ಕಥೆ: ಹಸ್ತಪ್ರತಿಯನ್ನು ಟೈಪ್ ಮಾಡಿದ ಹೆಂಡತಿ, ತಿದ್ದಿದ ಹೆಂಡತಿ, ಸಂಶೋಧನೆಗೂ ಕೈಜೋಡಿಸಿದ ಹೆಂಡತಿ. ಹೆಚ್ಚಿನವುಗಳಲ್ಲಿ ಅವಳಿಗೆ ಹೆಸರೇ ಇಲ್ಲ, ‘ನನ್ನ ಪತ್ನಿ’ ಅಷ್ಟೇ. ಅದನ್ನು ಓದಿದಾಗ ನನಗೆ ಆದ ಸಂಕಟ ಇನ್ನೂ ಕಡಿಮೆಯಾಗಿಲ್ಲ. ಅವರೆಲ್ಲ ಪ್ರೀತಿಯಿಂದಲೇ ಬರೆದಿರಬಹುದು. ಆದರೆ ಹೆಸರು ಬಿಟ್ಟರು, ಕೆಲಸವನ್ನು ಪ್ರೀತಿಯ ಲೆಕ್ಕಕ್ಕೆ ಹಾಕಿದರು. ಆ ಹೆಂಗಸರು ಯಾರು, ಎಷ್ಟು ದುಡಿದರು ಅನ್ನುವುದನ್ನು ಈಗ ಹುಡುಕುವುದೂ ಕಷ್ಟ. ಹಾಗಾಗಿ ಗಂಡನಾಗಲಿ, ಹೆಂಡತಿಯಾಗಲಿ, ತಮ್ಮನಾಗಲಿ, ಅತ್ತಿಗೆಯಾಗಲಿ, ನಿಮ್ಮ ಪ್ರಬಂಧಕ್ಕೆ ಕೆಲಸ ಮಾಡಿದ್ದರೆ ಅದನ್ನು ಕೆಲಸ ಅಂತಲೇ ಕರೆಯಿರಿ. ಸಂದರ್ಶನಗಳನ್ನು ಬರಹಕ್ಕಿಳಿಸಿಕೊಟ್ಟರೇ, ನಕ್ಷೆ ಬಿಡಿಸಿದರೇ, ಕೋಷ್ಟಕ ಹೊಂದಿಸಿದರೇ, ಹಾಗೇ ಬರೆಯಿರಿ. ಎಲ್ಲರಿಗೂ ಹೆಸರು ಇರಲಿ.

ಮಗಳನ್ನು ನೋಡಿಕೊಂಡದ್ದು ಮನೆಯ ಭಾಗದಲ್ಲಿ ಬರಲಿ. ಅಲ್ಲಿ ಎರಡು ಪದಗಳ ಬಗ್ಗೆ ಎಚ್ಚರ. ಒಂದು, ‘ಓದಲು ಅವಕಾಶ ಮಾಡಿಕೊಟ್ಟ ಪತಿಗೆ’. ಹೀಗೆ ಬರೆದರೆ ನಿಮ್ಮ ಓದು ಅವರು ಕೊಟ್ಟ ಅನುಮತಿ ಆಗಿಬಿಡುತ್ತದೆ. ಅವರು ಹಾಗೆ ಅಂದುಕೊಂಡಿರಲಿಕ್ಕೂ ಇಲ್ಲ. ಇನ್ನೊಂದು, ಮಗುವಿನ ವಿಷಯದಲ್ಲಿ ‘ಸಹಾಯ’. ಮಗು ಅವರದ್ದೂ ಹೌದು, ತಮ್ಮ ಮಗುವನ್ನು ತಾವು ನೋಡಿಕೊಂಡರೆ ಅದಕ್ಕೆ ಸಹಾಯ ಅನ್ನುವುದು ಹೊಂದುವುದಿಲ್ಲ. ಬದಲಿಗೆ ಏನಾಯಿತು ಅಂತ ಹೇಳಿ: ‘ಬರವಣಿಗೆಯ ಕೊನೆಯ ತಿಂಗಳುಗಳಲ್ಲಿ ನನ್ನ ಪಾಲಿನ ಮನೆಗೆಲಸವನ್ನೂ ಅವರೇ ಮಾಡಿದರು.’ ನೇರವಾಗಿದೆ, ನ್ಯಾಯವಾಗಿದೆ. ಇದನ್ನು ಓದಿದ ಗಂಡನಿಗೆ ತನ್ನ ಆ ತಿಂಗಳುಗಳನ್ನು ಯಾರೋ ನೋಡಿದ್ದಾರೆ ಅಂತ ಗೊತ್ತಾಗುತ್ತದೆ.

ಅಪ್ಪನ ವಿಷಯ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ನೀವು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ, ಆದರೆ ಕೈ ನಿಂತದ್ದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ. ‘ತಂದೆಯ ಪ್ರೋತ್ಸಾಹಕ್ಕೆ’ ಅಂತ ಬರೆದರೆ ಅದು ಸುಳ್ಳು ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಬಿಟ್ಟುಬಿಟ್ಟರೆ ನೋವಾಗುತ್ತದೆ. ಬೇಡ ಅಂದಿದ್ದರು ಅಂತ ಮಾತ್ರ ಬರೆದರೆ ದೂರು ಹೇಳಿದ ಹಾಗೆ. ದಾರಿ ಇರುವುದು ನೀವೇ ಬರೆದ ‘ಆಮೇಲೆ’ ಅನ್ನುವಲ್ಲಿ. ಆಮೇಲೆ ಏನಾಯಿತು? ಜನ ಸುಮ್ಮನೆ ಸುಮ್ಮನಾಗುವುದಿಲ್ಲ. ಏನೋ ಮಾಡಲು ಶುರು ಮಾಡಿರುತ್ತಾರೆ, ಏನೋ ಕೇಳಲು ಶುರು ಮಾಡಿರುತ್ತಾರೆ, ಅಥವಾ ಬೇರೆಯವರ ಮುಂದೆ ನಿಮ್ಮ ಪರ ಮಾತಾಡಿರುತ್ತಾರೆ. ಅದನ್ನು ನೆನಪಿಸಿಕೊಳ್ಳಿ. ‘ಈ ದಾರಿ ನನಗೆ ಕಷ್ಟವಾದೀತು ಎಂದು ಅಪ್ಪ ಚಿಂತಿಸಿದ್ದರು. ನಾನು ಹೊರಟ ಮೇಲೆ ಕೆಲಸ ಎಲ್ಲಿಗೆ ಬಂತು ಎಂದು ತಪ್ಪದೆ ಕೇಳಿದವರೂ ಅವರೇ.’ ಎರಡೂ ನಿಜ ಇರುವ ಇಂಥ ಮಾತು ಅಪ್ಪನಿಗೆ ಗೌರವ ಕೊಡುತ್ತದೆ, ನಿಮ್ಮನ್ನೂ ಸುಳ್ಳಿನಿಂದ ಉಳಿಸುತ್ತದೆ. ‘ವಿರೋಧಿಸಿದ್ದರು’ ಅನ್ನುವುದಕ್ಕೂ ‘ಚಿಂತಿಸಿದ್ದರು’ ಅನ್ನುವುದಕ್ಕೂ ತುಂಬ ವ್ಯತ್ಯಾಸ ಇದೆ. ಆದರೆ ಅವರದ್ದು ನಿಜಕ್ಕೂ ಚಿಂತೆಯಾಗಿತ್ತು ಅಂತ ನಿಮಗೆ ಅನ್ನಿಸಿದರೆ ಮಾತ್ರ ಎರಡನೆಯದನ್ನು ಬಳಸಿ. ಹಾಗೆ ಅನ್ನಿಸದಿದ್ದರೆ ಮೊದಲ ವಾಕ್ಯವನ್ನೇ ಬಿಟ್ಟು ಎರಡನೆಯದನ್ನು ಮಾತ್ರ ಇಟ್ಟುಕೊಳ್ಳಿ.

ಈ ಪ್ರಶ್ನೆ ಕೇಳುವವರಲ್ಲಿ ಕೆಲವರ ಮನೆಯಲ್ಲಿ ಆ ‘ಆಮೇಲೆ’ ಬಂದೇ ಇರುವುದಿಲ್ಲ. ಅವರಿಗೆ ನಾನು ಹೇಳುವುದು: ಬರೆಯಲೇಬೇಕು ಅನ್ನುವ ನಿಯಮ ಇಲ್ಲ. ಯಾರು ಜೊತೆಗಿದ್ದರೋ ಅವರ ಬಗ್ಗೆ ಬರೆಯಿರಿ. ಅತ್ತೆ ಇರಬಹುದು, ಅಣ್ಣ ಇರಬಹುದು, ರಕ್ತಸಂಬಂಧ ಇಲ್ಲದ ಗೆಳತಿಯೇ ಮನೆಯವಳಾಗಿರಬಹುದು. ಜೊತೆಗಿಲ್ಲದವರ ಬಗ್ಗೆ ಮೌನವಾಗಿರುವುದು ತಪ್ಪಲ್ಲ. ಸೇಡು ತೀರಿಸಿಕೊಳ್ಳಲು ಮಾತ್ರ ಆ ಪುಟ ಬಳಸಬೇಡಿ. 1999ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನ ಒಬ್ಬ ವಿದ್ಯಾರ್ಥಿ ಸ್ನಾತಕೋತ್ತರ ಪ್ರಬಂಧಕ್ಕೆ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ತನಗೆ ಅಡ್ಡಿ ಮಾಡಿದರು ಅಂತ ಅನ್ನಿಸಿದವರನ್ನೆಲ್ಲ ಬೈದು ಕೃತಜ್ಞತೆಗೆ ತದ್ವಿರುದ್ಧವಾದ ಒಂದು ಭಾಗ ಸೇರಿಸಿದ. ವಿಶ್ವವಿದ್ಯಾಲಯ ಪ್ರಬಂಧವನ್ನು ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು, 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ವಿಶ್ವವಿದ್ಯಾಲಯದ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಬೈಸಿಕೊಂಡವರಲ್ಲಿ ಅಧಿಕಾರಿಗಳೂ ಸಿಬ್ಬಂದಿಯೂ ಇದ್ದರು, ಮನೆಯವರ ವಿಷಯ ಅದಲ್ಲ. ಆದರೂ ಅಚ್ಚಾದ ಸಿಟ್ಟು ಎಷ್ಟು ದೂರ ಹಿಂಬಾಲಿಸುತ್ತದೆ ಅನ್ನುವುದು ತಿಳಿಯುತ್ತದೆ.

ಅಜ್ಜಿಯ ಬಗ್ಗೆ. ತೀರಿಕೊಂಡವರ ಬಗ್ಗೆ ಬರೆಯುವಾಗ ನಮಗೆ ತಟ್ಟನೆ ಬರುವುದು ‘ದಿವಂಗತ’, ‘ಆತ್ಮಕ್ಕೆ ಶಾಂತಿ’, ‘ಮೇಲಿನಿಂದ ಹರಸುತ್ತಿದ್ದಾರೆ’ ಇಂಥವು. ನಿಮಗೆ ಆ ನಂಬಿಕೆ ಇದ್ದರೆ ಬರೆಯಿರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಅಜ್ಜಿ ಬದುಕಿದ್ದಾಗ ಈ ಓದಿನ ಜೊತೆ ಅವರಿಗಿದ್ದ ನಂಟು ಏನು ಅಂತ ಹೇಳಿ. ‘ನಾನು ಏನು ಓದುತ್ತಿದ್ದೇನೆ ಎಂದು ಮನೆಗೆ ಬಂದವರಿಗೆಲ್ಲ ಅಜ್ಜಿ ತಮ್ಮದೇ ರೀತಿಯಲ್ಲಿ ವಿವರಿಸುತ್ತಿದ್ದರು. ಇದು ಮುಗಿಯುವ ಮೊದಲೇ ಅವರು ತೀರಿಕೊಂಡರು.’ ಇಷ್ಟು ಸಾಕು. ದುಃಖ ಆಯಿತು ಅಂತ ಬೇರೆ ಹೇಳಬೇಕಿಲ್ಲ. ಇನ್ನೊಂದು ಆಯ್ಕೆಯೂ ನಿಮಗಿದೆ. ಪ್ರಬಂಧದಲ್ಲಿ ಅರ್ಪಣೆಗೆ ಬೇರೆ ಪುಟ ಇಡಲು ಸಾಮಾನ್ಯವಾಗಿ ಬಿಡುತ್ತಾರೆ. ಅದಕ್ಕೂ ಕೃತಜ್ಞತೆಗೂ ಕೆಲಸ ಬೇರೆ. ಕೃತಜ್ಞತೆಯಲ್ಲಿ ಯಾರು ಏನು ಮಾಡಿದರು ಅಂತ ಹೇಳುತ್ತೀರಿ, ಅರ್ಪಣೆಯಲ್ಲಿ ಕಾರಣ ಕೊಡಬೇಕಿಲ್ಲ. ‘ಅಜ್ಜಿಗೆ’ ಅಂತ ಒಂದೇ ಪದ, ಅಥವಾ ಪಕ್ಕದಲ್ಲಿ ಅವರ ಹೆಸರು. ಅರ್ಪಣೆ ಅಜ್ಜಿಗೆ ಹೋದರೆ ಕೃತಜ್ಞತೆಯಲ್ಲಿ ಅವರ ಬಗ್ಗೆ ಒಂದು ವಾಕ್ಯ ಸಾಕು.

ಮಗಳ ಬಗ್ಗೆ ಬರೆಯುವಾಗ ಎಷ್ಟೋ ತಾಯಂದಿರು ಕ್ಷಮೆ ಕೇಳುತ್ತಾರೆ. ‘ನಿನಗೆ ಕೊಡಬೇಕಾದ ಸಮಯ ಕೊಡಲಾಗಲಿಲ್ಲ’ ಅಂತ. ಅಪ್ಪಂದಿರು ಹೀಗೆ ಬರೆದದ್ದನ್ನು ನಾನು ತುಂಬ ಕಡಿಮೆ ನೋಡಿದ್ದೇನೆ. ನೀವು ಬರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ಮಗು ದೊಡ್ಡವಳಾಗಿ ಇದನ್ನು ಓದುತ್ತಾಳೆ. ತನ್ನಿಂದ ಏನನ್ನೋ ಕಿತ್ತುಕೊಂಡು ಈ ಪ್ರಬಂಧ ಆಯಿತು ಅಂತ ಅವಳು ಯಾಕೆ ತಿಳಿಯಬೇಕು? ಅವಳೂ ಇದರೊಳಗೆ ಇದ್ದಳು ಅಂತ ಬರೆಯಿರಿ. ‘ಬರೆದ ಹಾಳೆಗಳ ಹಿಂಬದಿಯಲ್ಲಿ ಚಿತ್ರ ಬಿಡಿಸುತ್ತಾ ನನ್ನ ಪಕ್ಕದಲ್ಲೇ ಕೂತಿರುತ್ತಿದ್ದ ಮಗಳು’ ಅಂತ ಇದ್ದರೆ ಅವಳಿಗೂ ಖುಷಿ. ಚಿಕ್ಕ ಮಕ್ಕಳ ಪೂರ್ತಿ ಹೆಸರು, ಶಾಲೆ, ಹುಟ್ಟಿದ ದಿನ ಇವು ಬೇಡ, ಮನೆಯಲ್ಲಿ ಕರೆಯುವ ಹೆಸರು ಸಾಕು.

ಇನ್ನು ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕು ಬಂದೇ ಬರುತ್ತದೆ. ಅಮ್ಮ ‘ಮಾಡಿದಳು’ ಅಂತ ಬರೆಯಬೇಕೋ ‘ಮಾಡಿದರು’ ಅಂತಲೋ? ಬಹಳ ಮನೆಗಳಲ್ಲಿ ಅಮ್ಮನಿಗೆ ಏಕವಚನ, ಅಪ್ಪನಿಗೆ ಬಹುವಚನ. ಅಚ್ಚಿನಲ್ಲಿ ಅಪ್ಪ ‘ಕೇಳಿದರು’, ಅಮ್ಮ ‘ಹೇಳಿದಳು’ ಅಂತ ಅಕ್ಕಪಕ್ಕ ಬಂದರೆ, ಮನೆಯಲ್ಲಿ ಸಲುಗೆಯಾಗಿದ್ದದ್ದು ಪುಟದ ಮೇಲೆ ಅಮ್ಮನನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸಿದ ಹಾಗೆ ಕಾಣಬಹುದು. ನನ್ನ ಸಲಹೆ, ಹಿರಿಯರಿಗೆಲ್ಲ ಬಹುವಚನ ಇಡಿ. ನೀವು ಪತ್ರದಲ್ಲಿ ಹಾಗೇ ಬರೆದಿದ್ದೀರಿ, ಅದನ್ನೇ ಮುಂದುವರಿಸಿ. ಆದರೆ ‘ತಾಯಿಯವರು’, ‘ಮಾತೃಶ್ರೀ’, ‘ತೀರ್ಥರೂಪರು’ ಅಂತೆಲ್ಲ ಹೋಗಬೇಕಿಲ್ಲ. ಅಮ್ಮ, ಅಪ್ಪ ಅಂತ ಕರೆಯುವವರು ಅಮ್ಮ, ಅಪ್ಪ ಅಂತಲೇ ಬರೆಯಬಹುದು, ಅವ್ವ ಅನ್ನುವವರು ಅವ್ವ ಅಂತಲೇ. ಮೊದಲ ಸಲ ಬರುವಾಗ ಪಕ್ಕದಲ್ಲಿ ಹೆಸರು ಇದ್ದರೆ ಆಯಿತು. ಗಂಡ ಹೆಂಡತಿಯರ ವಿಷಯದಲ್ಲಿ ನೀವಿಬ್ಬರೂ ಹೇಗೆ ಮಾತಾಡುತ್ತೀರೋ ಅದನ್ನು ನೋಡಿಕೊಂಡು ನಿರ್ಧರಿಸಿ.

ಪ್ರಬಂಧ ಬೇರೆ ಭಾಷೆಯಲ್ಲಿದ್ದು ಅಮ್ಮ ಅದನ್ನು ಓದಲಾರರು ಅಂತಿದ್ದರೆ, ಮನೆಯವರ ಭಾಗವನ್ನು ಮಾತ್ರ ಕನ್ನಡದಲ್ಲಿ ಬರೆಯಬಹುದೇ ಅಂತ ನಿಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೇಳಿ ನೋಡಿ. ಹೀಗೆ ಬರೆದವರು ಇದ್ದಾರೆ. ಒಪ್ಪದಿದ್ದರೆ ಅರ್ಪಣೆಯ ಪುಟದಲ್ಲಿ ಒಂದು ಸಾಲಾದರೂ ಕನ್ನಡದಲ್ಲಿ ಇಡಬಹುದೇ ಕೇಳಿ. ಪರೀಕ್ಷಕರು ಏನಂದುಕೊಂಡಾರು ಅನ್ನುವ ಚಿಂತೆ ಬೇಡ. ಅವರಿಗೆ ಬೇಕಾದದ್ದು ಮುಂದಿನ ಅಧ್ಯಾಯಗಳಲ್ಲಿದೆ. ಮನೆಯವರು ತೆರೆಯುವುದು ಮಾತ್ರ ಇದೊಂದೇ ಪುಟವನ್ನು.

ಎಷ್ಟು ಬರೆಯಬೇಕು, ಎಲ್ಲಿ ಬರೆಯಬೇಕು? ಭಾಷಾಶಾಸ್ತ್ರಜ್ಞ ಕೆನ್ ಹೈಲೆಂಡ್ ಹಾಂಗ್‌ಕಾಂಗಿನ ಎಂಎ, ಪಿಎಚ್‌ಡಿ ವಿದ್ಯಾರ್ಥಿಗಳ 240 ಪ್ರಬಂಧಗಳ ಕೃತಜ್ಞತೆ ಭಾಗಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಹಂತ ಗುರುತಿಸಿದ್ದಾರೆ. ಮೊದಲು ತನ್ನ ಸಂಶೋಧನೆಯ ಅನುಭವದ ಬಗ್ಗೆ ಒಂದೆರಡು ಮಾತು, ಆಮೇಲೆ ಧನ್ಯವಾದ, ಕೊನೆಗೆ ತಪ್ಪುಗಳಿದ್ದರೆ ತನ್ನವೇ ಅನ್ನುವ ಹೊಣೆ ಅಥವಾ ಅರ್ಪಣೆ. ನಡುವಿನ ಹಂತದೊಳಗೆ ಓದಿನ ನೆರವು, ಹಣ ಮತ್ತು ಸಾಮಗ್ರಿಯ ನೆರವು, ಮನಸ್ಸಿಗೆ ಕೊಟ್ಟ ಬಲ ಇವೆಲ್ಲ ಬರುತ್ತವೆ. ಮನೆಯವರಿಗೆ ಸಾಮಾನ್ಯವಾಗಿ ಸಿಗುವುದು ಈ ಕೊನೆಯದು. ಕೊನೆಯಲ್ಲಿ ಬರುವುದರಿಂದ ಅವರ ಬೆಲೆ ಕಡಿಮೆಯಾಗುವುದಿಲ್ಲ, ಓದಿದವರ ಮನಸ್ಸಿನಲ್ಲಿ ಉಳಿಯುವ ಜಾಗ ಅದೇ. ಇಡೀ ಕೃತಜ್ಞತೆ ಒಂದೆರಡು ಪುಟ ಇದ್ದರೆ ಮನೆಯವರ ಪಾಲಿಗೆ ಒಂದು ಒಳ್ಳೆಯ ಪ್ಯಾರಾ, ಹೆಚ್ಚೆಂದರೆ ಎರಡು. ಕೆಲವು ವಿಶ್ವವಿದ್ಯಾಲಯಗಳು ಪುಟದ ಮಿತಿ ಹಾಕುತ್ತವೆ, ಮೊದಲೇ ನೋಡಿಕೊಳ್ಳಿ.

ಎಲ್ಲ ಸೇರಿಸಿದರೆ ಹೇಗಿರಬಹುದು ಅಂತ ಒಮ್ಮೆ ಬರೆದು ತೋರಿಸುತ್ತೇನೆ. ವಿವರಗಳು ನನ್ನ ಊಹೆ, ನಿಮ್ಮವನ್ನು ಹಾಕಿಕೊಳ್ಳಿ, ವಾಕ್ಯಗಳನ್ನು ಹಾಗೇ ತೆಗೆದುಕೊಳ್ಳಬೇಡಿ:

‘ಇಷ್ಟು ಓದಿದ್ದು ಸಾಕು ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದಾಗ, ಅರ್ಜಿ ಹಾಕುವ ಕೊನೆಯ ದಿನವನ್ನು ನೆನಪಿಟ್ಟುಕೊಂಡು ಫೋನ್ ಮಾಡಿದವರು ಅಮ್ಮ. ಈ ದಾರಿ ನನಗೆ ಕಷ್ಟವಾದೀತು ಎಂದು ಅಪ್ಪ ಚಿಂತಿಸಿದ್ದರು. ನಾನು ಹೊರಟ ಮೇಲೆ ಕೆಲಸ ಎಲ್ಲಿಗೆ ಬಂತು ಎಂದು ತಪ್ಪದೆ ಕೇಳಿದವರೂ ಅವರೇ. ಅಜ್ಜಿ ನನ್ನ ವಿಷಯವನ್ನು ಬಂದವರಿಗೆಲ್ಲ ತಮ್ಮದೇ ರೀತಿಯಲ್ಲಿ ವಿವರಿಸುತ್ತಿದ್ದರು. ಇದು ಮುಗಿಯುವ ಮೊದಲೇ ಅವರು ತೀರಿಕೊಂಡರು. ಬರವಣಿಗೆಯ ಕೊನೆಯ ತಿಂಗಳುಗಳಲ್ಲಿ ನನ್ನ ಪತಿ ನನ್ನ ಪಾಲಿನ ಮನೆಗೆಲಸವನ್ನೂ ಮಾಡಿದರು, ಆ ತಿಂಗಳುಗಳಿಗೆ ನಾನು ಅವರಿಗೆ ಋಣಿ. ಬರೆದ ಹಾಳೆಗಳ ಹಿಂಬದಿಯಲ್ಲಿ ಚಿತ್ರ ಬಿಡಿಸುತ್ತಾ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದ ಮಗಳಿಗೆ ಈ ಪ್ರಬಂಧದ ಮೊದಲ ಪ್ರತಿ.’

ನಿಮ್ಮ ಮೊದಲಿನ ವಾಕ್ಯಕ್ಕಿಂತ ಇದು ಉದ್ದ, ಆದರೆ ದೊಡ್ಡ ಪದ ಅಂತ ಇರುವುದು ‘ಋಣಿ’ ಒಂದೇ. ಗಟ್ಟಿಯಾಗಿ ಓದಿ ನೋಡಿ. ಓದುವಾಗ ಯಾವ ಪದದ ಹತ್ತಿರ ನಿಮ್ಮ ದನಿ ಬದಲಾಗಿ ಭಾಷಣದ ದನಿ ಬರುತ್ತದೋ ಆ ಪದವನ್ನು ತೆಗೆಯಿರಿ. ಗಂಟಲು ಕಟ್ಟಿದರೆ ಆ ವಾಕ್ಯವನ್ನು ಮುಟ್ಟಬೇಡಿ.

‘ಕುಟುಂಬದ ಎಲ್ಲ ಸದಸ್ಯರಿಗೆ’ ಅನ್ನುವುದನ್ನು ನಾನು ಬಿಟ್ಟಿದ್ದೇನೆ. ಮಾವ, ಚಿಕ್ಕಮ್ಮ, ಭಾವ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಯೋಚನೆ ಇದ್ದರೆ ಕೊನೆಯಲ್ಲಿ ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಹೆಸರು ಕಂಡರೆ ಸಾಕು ಅವರಿಗೆ. ಬೈಂಡಿಂಗ್‌ಗೆ ಕೊಡುವ ಮೊದಲು ಆ ಹೆಸರುಗಳ ಅಕ್ಷರ ಸರಿಯಿದೆಯೇ ಅಂತ ಮನೆಯಲ್ಲಿ ಒಬ್ಬರಿಗೆ ತೋರಿಸಿ. ಅಪ್ಪನ ಬಗ್ಗೆ ಬರೆದ ಎರಡು ವಾಕ್ಯಗಳನ್ನು ಮಾತ್ರ ಅಮ್ಮನಿಗೆ ಮೊದಲು ಓದಿ ಹೇಳಿ. ಅಪ್ಪನಿಗೆ ಅದು ಹೇಗೆ ಕೇಳಿಸೀತು ಅಂತ ಅವರಿಗಿಂತ ಚೆನ್ನಾಗಿ ಹೇಳುವವರು ಇನ್ಯಾರಿದ್ದಾರೆ.